ಕೇಳಿದವರು ಯಾರು?

ಅವಳ ಕೆಲಸ ಏನು ಎಂದು ಯಾರಾದರೂ ಕೇಳಿದರೆ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಗಂಡ 'ಸಾಫ್ಟ್‌ವೇರ್' ಎಂದು ಒಂದೇ ಮಾತಿನಲ್ಲಿ ಕೈ ತೊಳೆದುಕೊಳ್ಳುತ್ತಿದ್ದ. ಅತ್ತೆ, 'ಅದೇನೋ ಹೊಂದಿಸೋದಂತೆ' ಎನ್ನುತ್ತಿದ್ದರು. ಮಾವ ಬದುಕಿದ್ದಾಗ ಮಾತ್ರ, 'ಇಬ್ಬರು ಜಗಳಗಂಟರ ಮಧ್ಯೆ ಕೂರೋ ಕೆಲಸ' ಎಂದು ಹೇಳಿ ಪೇಪರ್ ಮುಖಕ್ಕೆ ಹಿಡಿಯುತ್ತಿದ್ದರು. ನಿಜಕ್ಕೆ ಹತ್ತಿರ ಇದ್ದದ್ದು ಮಾವನ ಮಾತೇ.

ಒಬ್ಬ ಜಗಳಗಂಟ ಊರಿನ ದೊಡ್ಡ ಆಸ್ಪತ್ರೆ. ಅವಳ ಕಂಪನಿ ಆ ಆಸ್ಪತ್ರೆಗೆ ಸಾಫ್ಟ್‌ವೇರ್ ಕಟ್ಟಿಕೊಟ್ಟು, ಕಟ್ಟಿದ್ದನ್ನು ಕೆಡವಿ, ಮತ್ತೆ ಕಟ್ಟುತ್ತಾ ಹೊಟ್ಟೆ ಹೊರೆಯುತ್ತಿತ್ತು. ಆಸ್ಪತ್ರೆಗೆ ವಾರಕ್ಕೊಂದು ಹೊಸ ಆಸೆ ಹುಟ್ಟುತ್ತಿತ್ತು. ರೋಗಿಗಳಿಗೆ ಹುಟ್ಟುಹಬ್ಬದ ಶುಭಾಶಯ ಹೋಗಬೇಕು ಎಂದು ಒಂದು ವಾರ, ಶುಭಾಶಯದ ಕೆಳಗೆ ಚರ್ಮ ವಿಭಾಗದ ಜಾಹೀರಾತು ಇರಬೇಕು ಎಂದು ಮುಂದಿನ ವಾರ. ಇನ್ನೊಬ್ಬ ಜಗಳಗಂಟ ಗೋಡೆಯ ಮೇಲಿದ್ದ ನಕ್ಷೆ. ಸಾಫ್ಟ್‌ವೇರಿನ ಯಾವ ಭಾಗ ಎಲ್ಲಿದೆ, ಯಾವುದು ಯಾವುದರ ಜೊತೆ ಮಾತಾಡುತ್ತದೆ ಎಂದು ಚೌಕ ಚೌಕವಾಗಿ ಬರೆದಿದ್ದ ಆ ನಕ್ಷೆ ಆಫೀಸಿನ ಉದ್ದ ಗೋಡೆಯನ್ನೆಲ್ಲ ನುಂಗಿ, ಕಿಟಕಿಯ ಮೇಲೆ ಹಾದು, ಆಚೆಯ ಮೂಲೆಗೆ ಹೋಗಿ ನಿಂತಿತ್ತು. ಚೌಕಗಳನ್ನು ಎಲ್ಲರೂ ಡಬ್ಬಿ ಎಂದೇ ಕರೆಯುತ್ತಿದ್ದರು. ಆಸ್ಪತ್ರೆ ಆಸೆ ಬದಲಿಸಿದರೆ ಡಬ್ಬಿ ಬದಲಾಗಬೇಕು. ಡಬ್ಬಿ ಬದಲಾದರೆ ಆಸ್ಪತ್ರೆಗೆ ಹೇಳಬೇಕು. ಯಾರೂ ನೋಡಿಕೊಳ್ಳದಿದ್ದರೆ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುತ್ತದೆ. ನೋಡಿಕೊಳ್ಳುವವಳು ಅವಳು.

ಅದಕ್ಕೆಂದು ಅವಳು ಒಂದು ಕೋಷ್ಟಕ ಇಟ್ಟುಕೊಂಡಿದ್ದಳು. ಬೇಡಿಕೆ ಏನು, ಕೇಳಿದವರು ಯಾರು, ಅದನ್ನು ಪೂರೈಸುವ ಡಬ್ಬಿ ಯಾವುದು, ಪೂರೈಸಿದೆ ಎಂದು ತಿಳಿಯುವುದು ಹೇಗೆ. ಪ್ರತಿ ಸೋಮವಾರ ಬೆಳಿಗ್ಗೆ ಎಲ್ಲರೂ ಕಾಫಿ ಲೋಟ ಹಿಡಿದು ನಕ್ಷೆಯ ಮುಂದೆ ನಿಲ್ಲುತ್ತಿದ್ದರು. ಅವಳು ಬೇಡಿಕೆ ಓದುತ್ತಿದ್ದಳು, ನಕ್ಷೆಗಾರ ಕೋಲಿನಿಂದ ಡಬ್ಬಿ ತೋರಿಸುತ್ತಿದ್ದ. ಪ್ರತಿ ಬೇಡಿಕೆಗೂ ಒಂದು ಡಬ್ಬಿ, ಪ್ರತಿ ಡಬ್ಬಿಗೂ ಒಂದು ಬೇಡಿಕೆ ಸಿಗಬೇಕು. ಇದಕ್ಕೆ ಆಫೀಸಿನಲ್ಲಿ 'ಜೋಡಿ ನೋಡೋದು' ಎಂದು ಹೆಸರು. ಅವಳಿಗೆ 'ಬ್ರೋಕರ್ ಮೇಡಂ' ಎಂದು ಹೆಸರು. ಮುಖದ ಮುಂದೆಯೇ ಕರೆಯುತ್ತಿದ್ದರು, ಅವಳಿಗೂ ಬೇಜಾರಿರಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಹೆಮ್ಮೆಯಿತ್ತು.

ಒಂಟಿಯಾಗಿ ಬಿದ್ದಿರುವ ಯಾವುದನ್ನೂ ಕಂಡರೆ ಅವಳಿಗಾಗುತ್ತಿರಲಿಲ್ಲ. ಮನೆಯಲ್ಲೂ ಅದೇ ಪಾಡು. ಜೊತೆ ಕಳೆದುಕೊಂಡ ಕಾಲುಚೀಲ ಅವಳ ಕಣ್ಣಿಗೆ ಬಿದ್ದರೆ ಅದರ ಆಯಸ್ಸು ಮುಗಿಯಿತೆಂದೇ ಲೆಕ್ಕ. ಅಡುಗೆಮನೆಯಲ್ಲಿ ಮುಚ್ಚಳವಿಲ್ಲದ ಡಬ್ಬಿಗಳನ್ನೂ ಡಬ್ಬಿಯಿಲ್ಲದ ಮುಚ್ಚಳಗಳನ್ನೂ ಕಸದ ಬುಟ್ಟಿಗೆ ಹಾಕುತ್ತಿದ್ದಳು. ಅತ್ತೆ ಅವನ್ನು ಸದ್ದಿಲ್ಲದೆ ಎತ್ತಿ, ತೊಳೆದು, ಕಪಾಟಿನ ಹಿಂದಕ್ಕೆ ಸೇರಿಸುತ್ತಿದ್ದರು. 'ಯಾತಕ್ಕೆ ಅತ್ತೆ ಇದೆಲ್ಲಾ?' ಎಂದರೆ, 'ಇರಲಿ ಬಿಡಮ್ಮ, ಅನ್ನ ಕೇಳುತ್ತಾ?' ಎನ್ನುತ್ತಿದ್ದರು. ಈ ವಿಷಯದಲ್ಲಿ ಅತ್ತೆ ಸೊಸೆಗೆ ಹೊಂದಾಣಿಕೆ ಆಗಿರಲಿಲ್ಲ. ಉಳಿದದ್ದರಲ್ಲಿ ಆಗಿತ್ತು.

ಮಾವ ಹೋಗಿ ಆರೇಳು ತಿಂಗಳಾಗಿತ್ತು. ಅದೇ ಆಸ್ಪತ್ರೆಯಲ್ಲೇ ಹೋದದ್ದು, ಹೃದಯದ ತೊಂದರೆಯಿಂದ. ಅವತ್ತು ಮಂಚದ ಪಕ್ಕ ಇದ್ದವರು ಅತ್ತೆ ಒಬ್ಬರೇ. ನರ್ಸ್ ಒಂದು ಚೀಟಿ ಕೊಟ್ಟು ಕೆಳಗಿನ ಔಷಧಿ ಅಂಗಡಿಗೆ ಕಳಿಸಿದಳು. ಅತ್ತೆ ಮಾತ್ರೆ ತಗೊಂಡು ವಾಪಸ್ಸು ಬಂದಾಗ ಮಂಚದ ಸುತ್ತ ಪರದೆ ಎಳೆದಿತ್ತು. ಯಾರೋ ಕುರ್ಚಿ ಕೊಟ್ಟರು, ಯಾರೋ ನೀರು ಕೊಟ್ಟರು. ಮಗ ಬಂದು ತೋರಿಸಿದ ಕಡೆಯೆಲ್ಲ ಸಹಿ ಹಾಕಿದ. ಆ ನಡುವೆ ಪರದೆಯ ಒಳಗೆ ಏನಾಯಿತು ಎಂದು ಅತ್ತೆ ಯಾರನ್ನೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಕೈಯಲ್ಲಿದ್ದ ಮಾತ್ರೆಯ ಪೊಟ್ಟಣವನ್ನು ಅವರು ಮನೆಗೆ ತಂದು ದೇವರ ಫೋಟೋದ ಹಿಂದೆ ಇಟ್ಟರು.

ಅತ್ತೆ ಅಳಲಿಲ್ಲ. ಅದು ಎಲ್ಲರಿಗೂ ಮೊದಲು ಸಮಾಧಾನ, ಆಮೇಲೆ ಗಾಬರಿ. ದಂಪತಿಗಳಲ್ಲಿ ಅಂಥ ಮಾತುಕತೆಯೇನೂ ಇದ್ದಂತೆ ಕಾಣುತ್ತಿರಲಿಲ್ಲ, ಅದೂ ನಿಜ. ಮಾವ ಬೀದಿಯಲ್ಲಿ ಯಾವಾಗಲೂ ನಾಲ್ಕು ಹೆಜ್ಜೆ ಮುಂದೆ ನಡೆಯುವವರು. ಹಿಂತಿರುಗಿ ನೋಡದೆ 'ಬೇಗ ಬಾ' ಎನ್ನುವವರು. ಮಂಡಿನೋವಿನ ಅತ್ತೆ ಬರುವಷ್ಟು ಬೇಗ ಬರುತ್ತಿದ್ದರು. ಈಗ ಬೇಗ ಬಾ ಎನ್ನುವವರು ಇರಲಿಲ್ಲ, ಅತ್ತೆ ಮತ್ತೂ ನಿಧಾನವಾಗಿದ್ದರು. ಮಾವನ ಫೋನಿಗೆ ದಿನವೂ ಚಾರ್ಜ್ ಹಾಕುತ್ತಿದ್ದರು. ಮತ್ತೆ ಇನ್ನೊಂದು. ಅವರ ಮನೆ ಮೂರನೆಯ ಮಹಡಿಯಲ್ಲಿ, ಲಿಫ್ಟ್ ಇತ್ತು. ಮಾವ ಹೋದ ದಿನದಿಂದ ಅತ್ತೆ ಲಿಫ್ಟ್ ಹತ್ತುವುದನ್ನು ಬಿಟ್ಟರು. ಒಂದೊಂದೇ ಮೆಟ್ಟಿಲು, ಕಂಬಿ ಹಿಡಿದು, ನಡುವೆ ನಿಂತು. ಯಾಕಮ್ಮ ಎಂದರೆ, 'ವ್ಯಾಯಾಮ' ಎನ್ನುತ್ತಿದ್ದರು. ರಾತ್ರಿ ಮಂಡಿಗೆ ಎಣ್ಣೆ ತಿಕ್ಕುತ್ತಾ ಹಲ್ಲು ಕಚ್ಚುವ ವ್ಯಾಯಾಮವನ್ನು ಅವಳು ಎಲ್ಲೂ ಕಂಡಿರಲಿಲ್ಲ. ಹೀಗೇ ಬಿಟ್ಟರೆ ಅತ್ತೆಯೂ ಕೈಬಿಟ್ಟು ಹೋಗುತ್ತಾರೆ ಎಂಬ ಭಯ ಅವಳಿಗೆ ಹತ್ತಿತ್ತು. ಗಂಡನಿಗೆ ಹೇಳಿದರೆ, 'ಟೈಮ್ ಬೇಕು, ಸರಿಹೋಗ್ತಾರೆ' ಎಂದ. ಅವನು ಶಾಲೆಯಲ್ಲಿ ಗಣಿತ ಹೇಳಿಕೊಡುವವನು. ಉತ್ತರ ಗೊತ್ತಿಲ್ಲದಾಗ ಟೈಮ್ ಕೇಳುವುದು ಮಕ್ಕಳಿಂದ ಕಲಿತದ್ದು.

ಹೀಗಿರುವಾಗ ಆಫೀಸಿನಲ್ಲಿ ಒಂದು ಸೋಮವಾರ ಒಂಟಿ ಡಬ್ಬಿಯೊಂದು ಸಿಕ್ಕಿತು.

ಆಸ್ಪತ್ರೆಯವರು ತಪಾಸಣೆಗೆ ಬರುವವರಿದ್ದರು. ಎಲ್ಲ ಜೋಡಿಯೂ ಹೊಂದಿರಬೇಕು ಎಂದು ಮ್ಯಾನೇಜರ ಆಜ್ಞೆಯಾಗಿತ್ತು. ನಕ್ಷೆಯ ಬಲಮೂಲೆಯಲ್ಲಿ, ರೋಗಿಗಳ ದಾಖಲೆಗೂ ಸಂದೇಶ ಕಳಿಸುವ ಡಬ್ಬಿಗೂ ನಡುವೆ, ಬೆರಳಗಲದ ಒಂದು ಡಬ್ಬಿ. ಅದರ ಮೇಲೆ 'ಸುಮ್ಮನಿರು' ಎಂದು ಬರೆದಿತ್ತು. ಅವಳು ಕೋಷ್ಟಕವನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಜಾಲಾಡಿದಳು. ಸುಮ್ಮನಿರು ಎಂದು ಯಾರೂ ಯಾರನ್ನೂ ಕೇಳಿಕೊಂಡಿರಲಿಲ್ಲ.

"ಇದು ದೊಡ್ಡಪ್ಪನ ಕಾಲದ್ದು," ಎಂದ ನಕ್ಷೆಗಾರ. ದೊಡ್ಡಪ್ಪ ಎಂದರೆ ಇವನಿಗಿಂತ ಮುಂಚೆ ನಕ್ಷೆ ಬರೆಯುತ್ತಿದ್ದ ಹಿರಿಯ. ನಿವೃತ್ತನಾಗಿ ಮನೆ ಸೇರಿದ್ದ. "ಒಳಗೆ ನೋಡಿದೆ. ಯಾರಿಗಾದ್ರೂ ಸಂದೇಶ ಹೋಗೋ ಮುಂಚೆ ಅವರ ಸ್ಥಿತಿ ಏನು ಅಂತ ದಾಖಲೆನ ಕೇಳುತ್ತೆ. ಒಂಬತ್ತು ಅಂತ ಬಂದ್ರೆ ಸಂದೇಶ ತಡೆಯುತ್ತೆ."

"ಒಂಬತ್ತು ಅಂದ್ರೆ?"

"ಎಲ್ಲೂ ಬರೆದಿಲ್ಲ. ನಮ್ಮ ಪರೀಕ್ಷಾ ರೋಗಿಗಳನ್ನೆಲ್ಲಾ ಓಡಿಸಿ ನೋಡಿದೆ. ಒಬ್ಬರಿಗೂ ಒಂಬತ್ತು ಬರಲಿಲ್ಲ."

ಪರೀಕ್ಷಾ ರೋಗಿಗಳೆಂದರೆ ಆಫೀಸಿನವರು ಪರೀಕ್ಷೆಗಾಗಿ ಹುಟ್ಟಿಸಿದ ಸುಳ್ಳು ರೋಗಿಗಳು. ಅವರಿಗೆ ಸಕ್ಕರೆ ಕಾಯಿಲೆ ಇತ್ತು, ಮೂಳೆ ಮುರಿದಿತ್ತು, ಒಬ್ಬನಿಗಂತೂ ಬರೆದವನ ತಪ್ಪಿನಿಂದ ಗರ್ಭಕೋಶದ ತೊಂದರೆಯೂ ಇತ್ತು. ಆದರೆ ಎಲ್ಲರೂ ವರ್ಷಗಟ್ಟಲೆಯಿಂದ ಗಟ್ಟಿಮುಟ್ಟಾಗಿ ಕಾಯಿಲೆ ಅನುಭವಿಸುತ್ತಿದ್ದರು. ಅವರಿಗೆ ಬೇರೇನಾದರೂ ಆಗಬಹುದು ಎಂದು ಅಲ್ಲಿ ನಿಂತಿದ್ದ ಯಾರ ತಲೆಗೂ ಹೊಳೆಯಲಿಲ್ಲ. ಕಾಫಿ ಆರುತ್ತಿತ್ತು.

ಅವಳು ದೊಡ್ಡಪ್ಪನಿಗೆ ಫೋನ್ ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದಳು, ಎತ್ತಲಿಲ್ಲ. ಮ್ಯಾನೇಜರು ಗಡಿಯಾರ ನೋಡಿ, "ಕೇಳಿದವರು ಯಾರು ಅಂತ ಗೊತ್ತಿಲ್ಲ, ಒಂಬತ್ತು ಅಂದ್ರೇನು ಅಂತಲೂ ಗೊತ್ತಿಲ್ಲ. ಊಟಕ್ಕಿಲ್ಲದ ಉಪ್ಪಿನಕಾಯಿ ಯಾಕ್ರೀ ಬೇಕು? ನೀವೇ ಹೇಳಿ ಬ್ರೋಕರ್ ಮೇಡಂ," ಎಂದರು.

ಹೇಳಬೇಕಾದವಳು ಅವಳೇ. ನಿಯಮ ಮಾಡಿದವಳೂ ಅವಳೇ: ಕೇಳಿದವರಿಲ್ಲದಿದ್ದರೆ ಡಬ್ಬಿಯಿಲ್ಲ. "ತೆಗೀರಿ," ಎಂದಳು. ನಕ್ಷೆಗಾರ ತೆಗೆದ. ಪರೀಕ್ಷೆಗಳೆಲ್ಲ ಹಸಿರು ದೀಪ ತೋರಿಸಿದವು, ಯಾಕೆಂದರೆ ಇಲ್ಲದ ಬೇಡಿಕೆಗೆ ಪರೀಕ್ಷೆಯೂ ಇರಲಿಲ್ಲ. ಆಸ್ಪತ್ರೆಯ ಆಡಳಿತಾಧಿಕಾರಿ ಬಂದು, ನಕ್ಷೆಯ ಮುಂದೆ ಫೋಟೋ ತೆಗೆಸಿಕೊಂಡು, ಇಷ್ಟು ಅಚ್ಚುಕಟ್ಟಾದ ಜೋಡಿಯನ್ನು ತಾನು ಎಲ್ಲೂ ನೋಡಿಲ್ಲ ಎಂದು ಹೊಗಳಿ ಹೋದ. ಮ್ಯಾನೇಜರು ಅವಳಿಗೆ ಒಂದು ಕಾಫಿ ಮಗ್ ಕೊಟ್ಟರು. ಅವಳು ಅದನ್ನು ಮನೆಗೆ ತಂದು ಮಾವನ ಕುರ್ಚಿಯ ಪಕ್ಕದ ಮೇಜಿನ ಮೇಲಿಟ್ಟಳು, ಎಲ್ಲರಿಗೂ ಕಾಣುವ ಹಾಗೆ.

ಕೆಲವು ದಿನ ಕಳೆದು, ಬೆಳಗಿನ ತಿಂಡಿಯ ಹೊತ್ತಿನಲ್ಲಿ ಮಾವನ ಫೋನು ಟಣ್ ಎಂದಿತು. ಅತ್ತೆ ಎದ್ದು ಹೋಗಿ, ಕನ್ನಡಕ ಹಾಕಿಕೊಂಡು, ನಿಂತಲ್ಲೇ ಓದಿದರು. ಆಮೇಲೆ ಬಂದು ಕೂತು, ತಟ್ಟೆ ಹತ್ತಿರ ಎಳೆದುಕೊಂಡರು.

"ಗುರುವಾರ ನಿನ್ನ ಮಾವನವರಿಗೆ ಚೆಕಪ್ಪಂತೆ."

ಗಂಡನ ಕೈ ಬಾಯಿಯವರೆಗೆ ಬಂದು ನಿಂತಿತು. "ಏನಮ್ಮಾ?"

"ಹೃದಯದ್ದು. ಬೆಳಿಗ್ಗೆ ಹತ್ತಕ್ಕೆ. ತಪ್ಪದೆ ಬನ್ನಿ ಅಂದಿದ್ದಾರೆ." ಅತ್ತೆ ಫೋನನ್ನು ದೂರ ಹಿಡಿದು ಉಳಿದದ್ದನ್ನೂ ಓದಿದರು. "'ನಿಮ್ಮ ಆರೋಗ್ಯವೇ ನಮ್ಮ ನೆಮ್ಮದಿ. ಬರುವುದಾದರೆ ಒಂದು ಒತ್ತಿ.' ಒಂದು ಒತ್ತಿದೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ಯಾರೂ ಯಾರನ್ನೂ ಕಳ್ಳ ಎನ್ನಲಿಲ್ಲ, ಆದರೂ ಅವಳ ಕೈ ತಾನಾಗಿ ಎದೆಗೆ ಹೋಯಿತು. ಒಂಬತ್ತು ಅಂದರೆ ತೀರಿಕೊಂಡವರು ಎಂದು ಅವಳಿಗೆ ಆ ಕ್ಷಣ ಗೊತ್ತಾಯಿತು. ಗಂಡ ಆಸ್ಪತ್ರೆಯವರನ್ನು ಬಾಯಿಗೆ ಬಂದಂತೆ ಬೈಯತೊಡಗಿದ. ಬುದ್ಧಿ ಇದೆಯಾ ಅವರಿಗೆ, ಯಾವ ಕತ್ತೆ ಕಳಿಸಿದ್ದು ಇದನ್ನು ಎಂದ. ಕತ್ತೆ ಅವನ ಎದುರಿಗೇ ಕೂತು ನೀರು ಕುಡಿಯುತ್ತಿತ್ತು.

"ಬೈಬೇಡ ಬಿಡೋ, ಪಾಪ. ಕರೆದಿದ್ದಾರೆ," ಎಂದರು ಅತ್ತೆ. "ಕರೆದ ಮೇಲೆ ಹೋಗದಿದ್ರೆ ಚೆನ್ನಾಗಿರಲ್ಲ."

ಅವಳು ಆಫೀಸಿಗೆ ಓಡಿದಳು. ಅಷ್ಟು ಹೊತ್ತಿಗೆ ಅಲ್ಲಿ ಫೋನುಗಳು ಬಡಿದುಕೊಳ್ಳುತ್ತಿದ್ದವು. ಊರಿನಲ್ಲಿ ಹೋದವರಿಗೆಲ್ಲ ಕರೆ ಹೋಗಿತ್ತು. ಒಬ್ಬಾಕೆಯ ಗಂಡನಿಗೆ ಹುಟ್ಟುಹಬ್ಬದ ಶುಭಾಶಯ, ಕೆಳಗೆ ಚರ್ಮ ವಿಭಾಗದ ಜಾಹೀರಾತು. ಆಕೆ ಆಸ್ಪತ್ರೆಗೆ ಫೋನ್ ಮಾಡಿ ಒಂದು ಮಾತೂ ಆಡದೆ ಸುಮ್ಮನೆ ಅತ್ತಳಂತೆ. ಅದನ್ನು ಕೇಳಿ ಬ್ರೋಕರ್ ಮೇಡಂ ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡಳು. ನಾಚಿಕೆಯಾಯಿತು ಎಂದರೆ ಕಡಿಮೆ. ತನ್ನ ಎರಡು ಕೈಯೂ ತನ್ನವಲ್ಲ ಎನಿಸಿತು.

ಮುಖ ತೊಳೆದು ಬಂದು, "ಆ ಡಬ್ಬಿ ವಾಪಸ್ ಹಾಕಬೇಕು, ಈಗಲೇ," ಎಂದಳು.

ಮ್ಯಾನೇಜರು ಸಮಾಧಾನದಿಂದಿದ್ದರು. ಬೀಸುವ ದೊಣ್ಣೆಯಿಂದ ತಪ್ಪಿಸಿಕೊಳ್ಳುವುದರಲ್ಲಿ ಅವರದ್ದು ಪಳಗಿದ ಕೈ. "ಇದು ದೋಷ ಅಲ್ಲ ಮೇಡಂ. ದೋಷ ಅಂದ್ರೆ ಬೇಡಿಕೆಗೆ ವಿರುದ್ಧ ನಡೆಯೋದು. ಬೇಡಿಕೆಯೇ ಇಲ್ವಲ್ಲ. ನಮ್ಮ ಸಾಫ್ಟ್‌ವೇರ್ ಹೇಳಿದ್ದನ್ನ ಹೇಳಿದ ಹಾಗೇ ಮಾಡಿದೆ. ಸದ್ಯಕ್ಕೆ ಸಂದೇಶ ಎಲ್ಲಾ ನಿಲ್ಲಿಸೋಣ. ಡಬ್ಬಿ ಬೇಕು ಅಂದ್ರೆ ಯಾರಾದ್ರೂ ಕೇಳಬೇಕು. ನಿಮ್ಮದೇ ರೂಲ್."

ನೀವಾದರೂ ಆ ಡಬ್ಬಿ ಕೇಳುತ್ತೀರಾ ಎಂದು ಅವಳು ಆಸ್ಪತ್ರೆಯ ಆಡಳಿತಾಧಿಕಾರಿಗೆ ಫೋನ್ ಮಾಡಿದಳು. ಅವನು ಅಡ್ಡಗೋಡೆಯ ಮೇಲೆ ದೀಪವಿಟ್ಟ. ವಿಷಯ ಗಂಭೀರವಾದದ್ದೇ, ಆದರೆ ತೀರಿಕೊಂಡವರು ಯಾವ ವಿಭಾಗದ ಅಡಿಯಲ್ಲಿಯೂ ಬರುವುದಿಲ್ಲ, ಯಾವ ವಿಭಾಗದಿಂದ ಬೇಡಿಕೆ ಬರೆಸಲಿ ಎಂದ.

ಆಗ ಅವಳ ಫೋನು ಬಡಿಯಿತು. ದೊಡ್ಡಪ್ಪ.

"ಮೊನ್ನೆ ಫೋನ್ ಮಾಡಿದ್ಯಂತೆ. ಸಿಂಕಿನ ಕೆಳಗೆ ಮಲಗಿದ್ದೆ. ನಲ್ಲಿ ಸೋರುತ್ತಿತ್ತು, ಈಗಲೂ ಸೋರುತ್ತೆ. ಏನು ವಿಷಯ?"

ಅವಳು ಹೇಳಿದಳು. ಆ ಕಡೆ ಬಕೆಟ್ಟಿಗೆ ನೀರು ತೊಟ್ಟಿಕ್ಕುವ ಸದ್ದು ಕೇಳುತ್ತಿತ್ತು.

"ತೆಗೆದುಬಿಟ್ರಾ?"

"ಕೇಳಿದವರು ಯಾರು ಅಂತ ಬರೆದಿರಲಿಲ್ಲ ದೊಡ್ಡಪ್ಪ."

"ಯಾರೂ ಕೇಳಿರಲಿಲ್ಲಮ್ಮ. ಯಾರು ಕೇಳ್ತಾರೆ? ಹೋದವನು ಬಂದು ಕೇಳ್ತಾನಾ? ಮನೆಯವರಿಗೆ ಇಂಥದ್ದು ಒಂದು ಬರುತ್ತೆ ಅಂತ ಗೊತ್ತಿರುತ್ತಾ, ಮೊದಲೇ ಅರ್ಜಿ ಹಾಕೋಕೆ? ನನಗೆ ತೋಚಿತು, ಹಾಕಿದೆ."

"ಬರೆದಿಡಬೇಕಿತ್ತು."

"ಬರೆದಿಡಬೇಕಿತ್ತು," ಎಂದು ದೊಡ್ಡಪ್ಪ ಒಪ್ಪಿಕೊಂಡ. "ಇನ್ನೊಂದು ವಿಷಯ. ಆ ಡಬ್ಬಿನೂ ಅಷ್ಟು ಸಾಚಾ ಅಲ್ಲ. ಸುಮ್ಮನಿರು ಅಂದ್ರೆ ಪೂರ್ತಿ ಸುಮ್ಮನಿರುತ್ತೆ. ಒಂದು ಸಲ ಹೋದ್ರೆ ಆ ಮನೆ ಕಡೆ ಆಸ್ಪತ್ರೆ ತಲೆಯೆತ್ತಿ ನೋಡಲ್ಲ. ಅದೂ ಸರಿನಾ ಅಂತ ನನಗೆ ಆಮೇಲೆ ಅನ್ನಿಸಿತ್ತು. ಅಷ್ಟರಲ್ಲಿ ರಿಟೈರ್ ಆದೆ."

ಸಂದೇಶಗಳೇನೋ ನಿಂತವು. ಆದರೆ ಅತ್ತೆ ಆಗಲೇ ಒಂದು ಒತ್ತಿಯಾಗಿತ್ತು. ಮಾವನ ಹೆಸರಿಗೆ ಟೋಕನ್ ಬಂದಿತ್ತು. ಅದನ್ನು ರದ್ದು ಮಾಡುವುದು ಅವಳಿಗೆ ಒಂದು ಚಿಟಿಕೆಯ ಕೆಲಸ. ಮಾರನೆಯ ದಿನ ಪರದೆಯ ಮೇಲೆ ಆ ಹೆಸರು ನೋಡುತ್ತಾ ಕೂತಳು. ಗುರುವಾರಕ್ಕೆಂದು ಅತ್ತೆ ಸೀರೆ ಇಸ್ತ್ರಿ ಮಾಡಿಕೊಂಡಿದ್ದು ನೆನಪಾಯಿತು. ರದ್ದು ಮಾಡಲಿಲ್ಲ.

ಗುರುವಾರ ರಜೆ ಹಾಕಿ ಅತ್ತೆಯ ಜೊತೆ ಹೋದಳು. ದಾರಿಯಲ್ಲಿ ನಿಜ ಹೇಳಿಬಿಟ್ಟಳು: ಸಂದೇಶ ತಪ್ಪಾಗಿ ಬಂದದ್ದು, ತಪ್ಪು ಮಾಡಿದ್ದು ತಾನೇ. ಅತ್ತೆ ಆಟೋದ ಕಂಬಿ ಹಿಡಿದುಕೊಂಡು ಹೊರಗೆ ನೋಡುತ್ತಿದ್ದರು.

"ತಪ್ಪು ಅಂತ ನನಗೂ ಗೊತ್ತಮ್ಮ. ನನಗೇನು ಅರಳು ಮರುಳಾ?" ಎಂದರು. "ಆದ್ರೂ ಕರೆದರಲ್ಲ."

ಹೃದಯ ವಿಭಾಗ ಎರಡನೆಯ ಮಹಡಿಯಲ್ಲಿತ್ತು. ಅತ್ತೆ ಲಿಫ್ಟಿನ ಕಡೆ ತಿರುಗಿಯೂ ನೋಡದೆ ಮೆಟ್ಟಿಲು ಹಿಡಿದರು. ಅವಳು ಒಂದು ಮೆಟ್ಟಿಲು ಹಿಂದೆ, ಬಿದ್ದರೆ ಹಿಡಿಯುವುದಕ್ಕೆ. ಮೇಲೆ ಪ್ಲಾಸ್ಟಿಕ್ ಕುರ್ಚಿಗಳ ಸಾಲಿನಲ್ಲಿ ಕೂತರು. ಎದುರಿನ ಪರದೆಯಲ್ಲಿ ಟೋಕನ್ ನಂಬರುಗಳು ಬಂದುಹೋಗುತ್ತಿದ್ದವು. ಹೆಸರನ್ನು ಒಂದು ಹೆಣ್ಣುದನಿ ಕೂಗುತ್ತಿತ್ತು. ಆ ದನಿಗೂ ಒಂದು ಡಬ್ಬಿಯಿತ್ತು, ಕೇಳಿದವರ ಹೆಸರೂ ಇತ್ತು. ಆ ದನಿ ಮಾವನ ಹೆಸರನ್ನು ಸ್ಪಷ್ಟವಾಗಿ, ಎರಡು ಸಲ, ಕೂಗಿತು. ಅತ್ತೆ ಸೆರಗು ಸರಿಮಾಡಿಕೊಂಡು ಎದ್ದರು.

ಒಳಗಿದ್ದದ್ದು ಅವತ್ತು ಮಾವನನ್ನು ನೋಡಿಕೊಂಡಿದ್ದ ಡಾಕ್ಟರಮ್ಮನೇ. ಪರದೆ ನೋಡಿ, ಅತ್ತೆಯನ್ನು ನೋಡಿ, ಮತ್ತೆ ಪರದೆ ನೋಡಿದರು.

"ಕೂತ್ಕೊಳ್ಳಿ," ಎಂದರು. "ರೋಗಿ..."

"ಅವರು ಬರೋ ಹಾಗಿಲ್ಲ," ಎಂದರು ಅತ್ತೆ. "ನಾನು ಬಂದೆ. ನಿಮಗೇನೂ ತೊಂದರೆ ಕೊಡಲ್ಲ. ಅವರ ಟೈಮ್ ಎಷ್ಟಿದೆಯೋ ಅಷ್ಟೇ. ಅವತ್ತು ನನ್ನ ಕೆಳಗೆ ಕಳಿಸಿದ್ರಲ್ಲ, ಮಾತ್ರೆ ತರೋಕೆ. ನಾನು ಬರೋದು ತಡ ಆಯ್ತು. ಬೇಗ ಬಂದಿದ್ರೆ ಉಳೀತಿದ್ರಾ?"

ಇಷ್ಟು ದಿನ ಒಂದೇ ಮನೆಯಲ್ಲಿ ಒಂದೇ ಮೇಜಿನ ಸುತ್ತ ಕೂತು ಉಂಡಿದ್ದಾರೆ. ಈ ಒಂದು ಪ್ರಶ್ನೆ ಆ ಮನೆಯಲ್ಲಿ ಇದೆಯೆಂದು ಸೊಸೆಗೆ ಗೊತ್ತಿರಲಿಲ್ಲ.

ಡಾಕ್ಟರಮ್ಮ ಕಡತ ತೆರೆದು ಓದಿದರು. ಅವಸರ ಮಾಡಲಿಲ್ಲ. "ಇಲ್ಲಮ್ಮ. ನೀವು ತರೋಕೆ ಹೋಗಿದ್ದು ಮನೆಗೆ ಹೋದ ಮೇಲೆ ತಗೋಬೇಕಾದ ಮಾತ್ರೆ. ಆ ಹೊತ್ತಿಗೆ ಬೇಕಾದ ಔಷಧಿ ಎಲ್ಲಾ ಇಲ್ಲೇ ಇತ್ತು, ಕೊಟ್ಟೆವು. ನೀವು ಓಡಿ ಬಂದಿದ್ರೂ ಇಷ್ಟೇ ಆಗ್ತಿತ್ತು."

"ನೋವು?"

"ಸ್ವಲ್ಪ ಹೊತ್ತು ಇತ್ತು. ಆಮೇಲೆ ಇರಲಿಲ್ಲ. ನನಗೆ ಅವರು ಚೆನ್ನಾಗಿ ನೆನಪಿದ್ದಾರೆ, ಯಾಕಂದ್ರೆ ಅವರು ನನ್ನ ಜೊತೆ ಜಗಳ ಆಡಿದ್ರು."

"ಜಗಳಾನಾ?" ಅತ್ತೆಯ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ಏನೋ ಆಡಿತು.

"'ಅವಳನ್ನ ಯಾಕ್ರೀ ಕಳಿಸಿದ್ರಿ, ಇಷ್ಟು ಜನ ಇದ್ದೀರಲ್ಲ, ಅವಳಿಗೆ ಮಂಡಿನೋವು ಅನ್ನೋದು ಗೊತ್ತಿಲ್ವಾ' ಅಂತ. ನಮಗೆ ಹೇಗೆ ಗೊತ್ತಿರುತ್ತೆ? ಆಮೇಲೆ ಕೇಳಿದ್ರು, 'ಲಿಫ್ಟಲ್ಲಿ ಹೋದ್ಲಾ, ಮೆಟ್ಟಿಲಲ್ಲಿ ಹೋದ್ಲಾ?' ನಾನು ಲಿಫ್ಟಲ್ಲೇ ಅಂದೆ. ನೋಡಿರಲಿಲ್ಲ, ಸುಮ್ಮನೆ ಅಂದೆ. 'ಹಾಗಾದ್ರೆ ಸರಿ' ಅಂದ್ರು."

"ಆಮೇಲೆ?"

"ಆಮೇಲೆ ಮಾತಾಡಲಿಲ್ಲ."

ಅತ್ತೆ ತಮ್ಮ ಕೈ ನೋಡಿಕೊಂಡರು. "ಮೆಟ್ಟಿಲಲ್ಲೇ ಹೋಗಿದ್ದೆ. ಲಿಫ್ಟಿನ ಹತ್ರ ಕ್ಯೂ ಇತ್ತು. ವಾಪಸ್ ಬರುವಾಗಲೂ ಮೆಟ್ಟಿಲೇ."

"ಅವರಿಗೆ ಗೊತ್ತಾಗಲಿಲ್ಲ."

"ಒಳ್ಳೇದಾಯ್ತು," ಎಂದರು ಅತ್ತೆ. "ಗೊತ್ತಾಗಿದ್ರೆ ಬೈತಿದ್ರು."

ಹೇಳಿ ಮುಗಿಸಿದರೋ ಇಲ್ಲವೋ, ಅತ್ತರು. ಆರೇಳು ತಿಂಗಳು ಹೊತ್ತದ್ದನ್ನೆಲ್ಲ ಅಲ್ಲೇ ಇಳಿಸುವವರಂತೆ, ಮೂಗು ಸೆರಗಿಗೆ ಒರೆಸಿಕೊಳ್ಳುತ್ತಾ, ಸದ್ದು ಮಾಡಿ ಅತ್ತರು. ಸೊಸೆಯೂ ಅತ್ತಳು. ತಾನು ಮಾಡಿದ್ದು ತಪ್ಪೇ, ಎಷ್ಟೋ ಮನೆಗಳನ್ನು ಅಳಿಸಿದ ತಪ್ಪು. ಈ ಒಂದು ಅಳುವಿಗೆ ಮಾತ್ರ ಅವಳಿಗೆ ಸಂತೋಷವಾಯಿತು, ಆ ಸಂತೋಷವನ್ನು ಎಲ್ಲಿಡಬೇಕೆಂದು ಗೊತ್ತಾಗಲಿಲ್ಲ. ಡಾಕ್ಟರಮ್ಮ ಹತ್ತಿ ಸುರುಳಿಯಿಂದ ಇಬ್ಬರಿಗೂ ಒಂದೊಂದು ತುಂಡು ಹರಿದುಕೊಟ್ಟರು.

ಏಳುವ ಹೊತ್ತಿಗೆ ಡಾಕ್ಟರಮ್ಮ ಸಂಕೋಚದಿಂದ, "ಒಂದು ನಿಮಿಷ. ರಕ್ತದೊತ್ತಡ ತುಂಬದೆ ಈ ಸಿಸ್ಟಮ್ ಮುಂದಿನ ರೋಗಿಗೆ ಹೋಗೋಕೆ ಬಿಡಲ್ಲ," ಎಂದರು. ಆ ಬೇಡಿಕೆಗೆ ಜೋಡಿ ಹುಡುಕಿದ್ದೂ ಬ್ರೋಕರ್ ಮೇಡಂ. ಅವಳು ನೆಲ ನೋಡಿದಳು. ಅತ್ತೆ ತೋಳು ಮುಂದೆ ಮಾಡಿದರು. ಹೀಗೆ ಮಾವನ ದಾಖಲೆಯಲ್ಲಿ, ಅವರು ಹೋದ ಮೇಲೆ, ರಕ್ತದೊತ್ತಡ ಮೊದಲ ಬಾರಿಗೆ ಹತೋಟಿಯಲ್ಲಿದೆ ಎಂದು ದಾಖಲಾಯಿತು.

ಹೊರಗೆ ಬಂದು ಅವಳು ಅಭ್ಯಾಸಬಲದಿಂದ ಮೆಟ್ಟಿಲ ಕಡೆ ತಿರುಗಿದಳು. ಅತ್ತೆ ಅಲ್ಲಾಡಲಿಲ್ಲ. ಲಿಫ್ಟಿನ ಮುಂದೆ ಉದ್ದ ಕ್ಯೂ ಇತ್ತು. ಅತ್ತೆ ಹೋಗಿ ಅದರ ಕೊನೆಯಲ್ಲಿ ನಿಂತರು.

"ಬಾ," ಎಂದರು. "ಅವಸರ ಏನಿದೆ?"

ಮುಂದಿನ ಸೋಮವಾರ ಕಾಫಿ ಲೋಟ ಹಿಡಿದು ಎಲ್ಲರೂ ನಕ್ಷೆಯ ಮುಂದೆ ನಿಂತಾಗ ಅವಳು ಎರಡು ಹೊಸ ಬೇಡಿಕೆ ಓದಿದಳು. ಒಂದು: ರೋಗಿ ತೀರಿಕೊಂಡರೆ ಆ ಹೆಸರಿಗೆ ಯಾವ ಸಂದೇಶವೂ ಹೋಗಬಾರದು. ಇನ್ನೊಂದು: ಒಂದು ತಿಂಗಳ ನಂತರ ಆಸ್ಪತ್ರೆಯಿಂದ ಒಬ್ಬ ಮನುಷ್ಯ ಆ ಮನೆಗೆ ಫೋನ್ ಮಾಡಬೇಕು, ಮನೆಯವರಿಗೆ ಏನಾದರೂ ಕೇಳುವುದಿದ್ದರೆ, ಕೊನೆಗಳಿಗೆಯಲ್ಲಿ ರೋಗಿಯ ಹತ್ತಿರವಿದ್ದ ಡಾಕ್ಟರ ಸಮಯವನ್ನು ಕಾಯ್ದಿರಿಸಿ ಕೊಡಬೇಕು. ಎರಡಕ್ಕೂ ಆಸ್ಪತ್ರೆಯ ಪರವಾಗಿ ಡಾಕ್ಟರಮ್ಮ ಸಹಿ ಹಾಕಿದ್ದರು. ಕೊನೆಗೂ ಒಂದು ವಿಭಾಗದ ಹೆಸರು ಸಿಕ್ಕಿದ್ದಕ್ಕೆ ಆಡಳಿತಾಧಿಕಾರಿ ನಿಟ್ಟುಸಿರು ಬಿಟ್ಟು ಒಪ್ಪಿದ್ದ.

ಮ್ಯಾನೇಜರು ಕೋಷ್ಟಕದ ಮೇಲೆ ಬಗ್ಗಿದರು. "ಎರಡನೇದು ಕೇಳಿದವರು ಯಾರು? 'ಅತ್ತೆ' ಅಂತಿದೆ. ಅತ್ತೆ ಯಾವ ವಿಭಾಗ?"

"ನಮ್ಮ ಮನೆ."

ಮ್ಯಾನೇಜರು ಕಾಫಿ ಕುಡಿದರು. ನಕ್ಷೆಗಾರ ಬಲಮೂಲೆಯಲ್ಲಿ ಹಳೆಯ ಡಬ್ಬಿಯನ್ನು ಬರೆದು, ಅದರ ಪಕ್ಕ ಇನ್ನೊಂದು ಬರೆದ. ಬರೆಯುತ್ತಲೇ, "ಇದಕ್ಕೆ ಕೊನೆಯ ಕಾಲಮ್ ಓದಿ ಮೇಡಂ. ಪೂರೈಸಿದೆ ಅಂತ ತಿಳಿಯೋದು ಹೇಗೆ?" ಎಂದ.

ಅವಳು ಓದಿದಳು. "ಮನೆಯವರು ಲಿಫ್ಟಿನಲ್ಲಿ ಇಳಿದು ಹೋಗುತ್ತಾರೆ."

ನಕ್ಷೆಗಾರ ಕೋಲು ಕೆಳಗಿಳಿಸಿ ಯೋಚಿಸಿದ. ಎಲ್ಲದರಲ್ಲೂ ಕೊಂಕು ಹುಡುಕುವುದು ಅವನ ಕೆಲಸ.

"ಕ್ಯೂ ಇದ್ರೆ?"

"ಇದ್ರೆ ಕಾಯ್ತಾರೆ," ಎಂದಳು.